ಮೂಗು ತೊಳೆಯುವ ಲೋಟವನ್ನು ತೊಳೆಯುವುದು ಹೇಗೆ?

ಯೋಗ ಶಿಬಿರಕ್ಕೆ ಹೋಗಿ ಬಂದವರ ಮನೆಯಲ್ಲಿ ಹುಡುಕಿದರೆ ಒಂದು ನೇತಿ ಲೋಟ, ಅಂದರೆ ಮೂಗಿಗೆ ನೀರು ಬಿಡುವ ಮೂತಿಯ ಲೋಟ, ಸಿಗುತ್ತದೆ. ಈಗ ಇಎನ್‌ಟಿ ಡಾಕ್ಟರುಗಳೂ ಸೈನಸ್, ಅಲರ್ಜಿ ಇರುವವರಿಗೆ ಮೂಗಿಗೆ ಉಪ್ಪುನೀರು ಬಿಡುವ ಪ್ಲಾಸ್ಟಿಕ್ ಬಾಟಲಿ ಬರೆದುಕೊಡುತ್ತಾರೆ. ರಸ್ತೆ ಧೂಳು, ಕಾಂಗ್ರೆಸ್ ಗಿಡದ ಹೂಪುಡಿ, ಬೆಳಿಗ್ಗೆ ಎದ್ದರೆ ಸಾಲುಸಾಲು ಸೀನು. ಇಂಥವರಿಗೆ ಮೂಗು ತೊಳೆದರೆ ಹಾಯೆನಿಸುವುದು ನಿಜ.

ತಲೆ ಎಷ್ಟು ವಾಲಿಸಬೇಕು, ಉಸಿರು ಎಲ್ಲಿಂದ ಆಡಬೇಕು ಎಂಬುದನ್ನು ಎಲ್ಲರೂ ಹೇಳಿಕೊಡುತ್ತಾರೆ. ಲೋಟದ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ನೀರು ಕುದಿಸಿ, ಆರಿಸಿ, ಅಳೆದು ಉಪ್ಪು ಹಾಕುವವರೂ ಕೊನೆಗೆ ಲೋಟವನ್ನು ನಲ್ಲಿ ಕೆಳಗೆ ಹಿಡಿದು ಜಾಲಿಸಿ, ಬಚ್ಚಲಲ್ಲೇ ಇಟ್ಟುಬಿಡುತ್ತಾರೆ. ಮರುದಿನ ಆ ನಲ್ಲಿ ನೀರಿನ ಹನಿಗಳ ಮೇಲೆಯೇ ಕುದಿಸಿದ ನೀರು ಸುರಿಯುತ್ತಾರೆ. ಹಾಗಾದರೆ ಕುದಿಸಿದ್ದು ಯಾಕೆ?

ಕುಡಿಯುವ ನೀರು ಮೂಗಿಗೆ ಯಾಕಾಗದು?

ಕುಡಿದ ನೀರು ಹೊಟ್ಟೆಗೆ ಹೋಗುತ್ತದೆ. ಅಲ್ಲಿನ ಆಮ್ಲ ಎಷ್ಟೋ ಕ್ರಿಮಿಗಳನ್ನು ಕೊಲ್ಲುತ್ತದೆ. ಮೂಗಿನಲ್ಲಿ ಆ ಕಾವಲಿಲ್ಲ. ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ನರಗಳಿವೆ. ಅವು ನೇರ ಮಿದುಳಿಗೆ ಹೋಗುತ್ತವೆ. ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಈ ದಾರಿ ಹಿಡಿದೇ ಮಿದುಳು ಸೇರುತ್ತದೆ. ಅದು ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುವ ಜೀವಿ. ಕಾಯಿಲೆ ತೀರಾ ಅಪರೂಪ, ಆದರೆ ಬಂದರೆ ಉಳಿಯುವವರು ಬೆರಳೆಣಿಕೆಯಷ್ಟು ಜನ. ಕೇರಳದಲ್ಲಿ 2024 ಮತ್ತು 2025ರಲ್ಲಿ ಮಿದುಳು ತಿನ್ನುವ ಅಮೀಬಾ ಎಂದು ಸುದ್ದಿಯಾದವುಗಳಲ್ಲಿ ಇದೂ ಒಂದು. 2025ರ ನವೆಂಬರ್‌ನಲ್ಲಿ ಶಬರಿಮಲೆಗೆ ಹೊರಟವರಿಗೆ, ಸ್ನಾನ ಮಾಡುವಾಗ ಮೂಗಿಗೆ ನೀರು ಹೋಗದಂತೆ ನೋಡಿಕೊಳ್ಳಿ ಎಂದು ಕರ್ನಾಟಕದ ಆರೋಗ್ಯ ಇಲಾಖೆಯೂ ಸೂಚನೆ ಕೊಟ್ಟಿತ್ತು.

ಕೆರೆಗೆ ಇಳಿದರೆ ತಾನೇ, ಮನೆ ನೀರಿಗೇನು ಅನ್ನಬೇಡಿ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಇಬ್ಬರು ಸತ್ತಿದ್ದು ನೇತಿ ಲೋಟಕ್ಕೆ ನಲ್ಲಿ ನೀರು ಹಾಕಿಕೊಂಡು. ಅಮೀಬಾ ಸಿಕ್ಕಿದ್ದು ಅವರ ಮನೆಯೊಳಗಿನ ನೀರಿನಲ್ಲಿ. ಊರಿಗೆ ಬರುವ ಶುದ್ಧೀಕರಿಸಿದ ನೀರಿನಲ್ಲಿ ಅದು ಇರಲಿಲ್ಲ. ಬಿಸಿಲಿಗೆ ಕಾಯುವ ನಮ್ಮ ತಾರಸಿ ಟ್ಯಾಂಕುಗಳನ್ನು ಒಮ್ಮೆ ನೆನೆಸಿಕೊಳ್ಳಿ. ಇನ್ನು ಸ್ಯೂಡೊಮೊನಾಸ್, ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಅಷ್ಟು ಅಪರೂಪವಲ್ಲ. ಬಳಸಿದ ಬಾಟಲಿಗಳನ್ನು ಪರೀಕ್ಷಿಸಿದಾಗ ಅವು ಸಿಕ್ಕಿದ್ದುಂಟು. ಸೈನಸ್ ವಾಸಿಯಾಗಲೆಂದು ತೊಳೆಯುತ್ತಾ ಸೋಂಕನ್ನು ನಾವೇ ಒಳಗೆ ಬಿಟ್ಟುಕೊಂಡಂತಾಗಬಾರದು ಅಲ್ವಾ?

ಮೊದಲು ನೀರು

ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಕನಿಷ್ಠ 1 ನಿಮಿಷ ಹಾಗೇ ಕುದಿಯಲಿ. 3 ನಿಮಿಷ ಬಿಟ್ಟರೆ ಇನ್ನೂ ನಿಶ್ಚಿಂತೆ. ಸಮುದ್ರ ಮಟ್ಟದಿಂದ 2,000 ಮೀಟರಿಗಿಂತ ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಅಲ್ಲಿ 3 ನಿಮಿಷ ಬೇಕೇ ಬೇಕು. ಕರ್ನಾಟಕದಲ್ಲಿ ಆ ಚಿಂತೆ ಇಲ್ಲ, ಮುಳ್ಳಯ್ಯನಗಿರಿಯ ತುದಿಯೂ ಅಷ್ಟು ಎತ್ತರವಿಲ್ಲ. ಊಟಿಯಲ್ಲಿ ಇರುವವರು ಗಮನಿಸಿ.

ಕುದಿಸಿದ ಪಾತ್ರೆಯಲ್ಲೇ ಮುಚ್ಚಳ ಮುಚ್ಚಿ ಆರಲು ಬಿಡಿ. ಉಗುರುಬೆಚ್ಚಗಾದಾಗ ಬಳಸಿ. ಬಿಸಿ ಜಾಸ್ತಿಯಾಯಿತು ಎಂದು ಸ್ನಾನಕ್ಕೆ ಮಾಡುವಂತೆ ತಣ್ಣೀರು ಬೆರೆಸಬೇಡಿ. ಎಲ್ಲ ಶ್ರಮ ಅಲ್ಲೇ ಮುಗಿಯಿತು. ಉಳಿದ ನೀರನ್ನು ಶುಚಿಯಾದ, ಮುಚ್ಚಳವಿರುವ ಪಾತ್ರೆಯಲ್ಲಿ ಇಟ್ಟು 24 ಗಂಟೆಯೊಳಗೆ ಬಳಸಬಹುದು. ಆಮೇಲೆ ಅದು ಗಿಡಕ್ಕೆ.

ಸೋಲಾರ್ ಅಥವಾ ಗೀಸರಿನ ಬಿಸಿ ನೀರು ಕುದಿಸಿದ ನೀರಲ್ಲ. ಅಮೀಬಾಗೆ ಬೆಚ್ಚಗಿರುವುದೇ ಇಷ್ಟ. ಆರ್‌ಒ ನೀರು ಫಿಲ್ಟರ್ ದಾಟಿದ ಮೇಲೆ ಯಂತ್ರದ ಟ್ಯಾಂಕಿನಲ್ಲಿ ನಿಲ್ಲುತ್ತದೆ, ಆ ಟ್ಯಾಂಕನ್ನು ಕೊನೆಯ ಸಲ ತೊಳೆದಿದ್ದು ಯಾವಾಗ ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರವಿಲ್ಲ. 20 ಲೀಟರಿನ ಕ್ಯಾನ್ ನೀರೂ ಕುಡಿಯುವುದಕ್ಕೆ ಸರಿ, ಮೂಗಿಗೆ ಅಲ್ಲ. ಇವೆಲ್ಲವನ್ನೂ ಕುದಿಸಿಯೇ ಬಳಸಿ. ಡಿಸ್ಟಿಲ್ಡ್ ವಾಟರ್ ಬಳಸಬಹುದು ಎಂದು ಓದಿ ಕೆಲವರು ಬ್ಯಾಟರಿ ಅಂಗಡಿಗೆ ಹೋಗುತ್ತಾರೆ. ದಯವಿಟ್ಟು ಬೇಡ. ಅದು ಇನ್ವರ್ಟರಿಗೆ ಹಾಕುವ ನೀರು, ಮೈಗೆ ಬಳಸಲು ತಯಾರಿಸಿದ್ದಲ್ಲ.

ಉಪ್ಪಿನ ಅಳತೆ

ಬರೀ ನೀರು ಬಿಟ್ಟರೆ ಮೂಗು ಉರಿಯುತ್ತದೆ. ಒಂದು ಲೀಟರಿಗೆ 9 ಗ್ರಾಂ ಉಪ್ಪು ಸೇರಿದರೆ ನಮ್ಮ ರಕ್ತದಷ್ಟೇ ಉಪ್ಪಾಗುತ್ತದೆ, ಉರಿ ಇರುವುದಿಲ್ಲ. ಕಾಲು ಲೀಟರ್ ಲೋಟಕ್ಕೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಸಾಕು. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಇನ್ನೂ ಹಿತ. ಅಯೋಡಿನ್ ಇಲ್ಲದ ಉಪ್ಪು ಒಳ್ಳೆಯದು, ಆದರೆ ಅಂಗಡಿಯ ಪುಡಿ ಉಪ್ಪಿನಲ್ಲಿ ಅಯೋಡಿನ್ ಇದ್ದೇ ಇರುತ್ತದೆ. ಕಲ್ಲುಪ್ಪಿನಲ್ಲಿ ಮಣ್ಣು, ಕಸ ಇರಬಹುದು. ಮೆಡಿಕಲ್ ಶಾಪಿನಲ್ಲಿ ಸಿಗುವ ಪುಟ್ಟ ಪೊಟ್ಟಣಗಳೇ ಸುಲಭ, ಕೊಂಚ ದುಬಾರಿಯಾದರೂ ಅಳತೆಯ ತಲೆನೋವಿಲ್ಲ. ಉಪ್ಪಿನ ಡಬ್ಬಿಗೆ ಒದ್ದೆ ಚಮಚ ಹಾಕಬೇಡಿ. ಬೆರೆಸಿದ ಉಪ್ಪುನೀರು ಮಿಕ್ಕರೆ ಚೆಲ್ಲಿ.

ಈಗ ಲೋಟ

ತಾಮ್ರದ ಲೋಟ ನೋಡಲು ಚೆನ್ನ, ಆದರೆ ಉಪ್ಪುನೀರಿಗೂ ತಾಮ್ರಕ್ಕೂ ಆಗಿಬರುವುದಿಲ್ಲ. ಮೂತಿಯ ಒಳಗೆ ಹಸಿರು ಕಿಲುಬು ಕಟ್ಟುತ್ತದೆ. ಹುಣಸೆಹಣ್ಣು ಹಾಕಿ ಹೊರಗೆಲ್ಲ ಫಳಫಳ ಹೊಳೆಸಬಹುದು, ಆ ಸಣ್ಣ ಮೂತಿಯೊಳಗೆ ಬೆರಳು ಹೋಗುವುದಿಲ್ಲ. ನನ್ನನ್ನು ಕೇಳಿದರೆ ಸ್ಟೀಲ್ ಲೋಟವೇ ಉತ್ತಮ. ಕುದಿಸಬಹುದು, ಗೀರು ಬೀಳುವುದು ಕಡಿಮೆ, ಒಡೆಯುವುದಿಲ್ಲ. ಪ್ಲಾಸ್ಟಿಕ್ ಬಾಟಲಿಯಾದರೆ ಮುಚ್ಚಳ, ನಳಿಗೆ ಎಲ್ಲ ಬಿಚ್ಚಲು ಬರಬೇಕು. ರಬ್ಬರಿನ ಬುರುಡೆಯಂಥ ಪಂಪ್ ಕೊಳ್ಳಬೇಡಿ. ಅದರ ಒಳಗೆ ಏನಿದೆ ಎಂದು ಕಾಣುವುದೇ ಇಲ್ಲ.

ಬಳಸುವ ಮೊದಲು ಕೈಗೆ ಸೋಪು ಹಾಕಿ ತೊಳೆಯಿರಿ. ಬಾಟಲಿ ಬಳಸುವವರಿಗೆ ಒಂದು ಕಿವಿಮಾತು. ಒತ್ತಿದ ಬಾಟಲಿಯನ್ನು ಮೂಗಿನಲ್ಲಿ ಇಟ್ಟಿರುವಾಗಲೇ ಕೈ ಸಡಿಲ ಬಿಟ್ಟರೆ ಅದು ಉಬ್ಬಿಕೊಳ್ಳುತ್ತಾ ಸಿಂಬಳವನ್ನು ಒಳಗೆ ಎಳೆದುಕೊಳ್ಳುತ್ತದೆ. ಒತ್ತಿಕೊಂಡೇ ಮೂಗಿನಿಂದ ಹೊರಗೆ ತೆಗೆಯಿರಿ, ಆಮೇಲೆ ಸಡಿಲಿಸಿ.

ಕೆಲಸ ಮುಗಿದ ತಕ್ಷಣ ಮಿಕ್ಕಿದ್ದನ್ನು ಚೆಲ್ಲಿ, ಭಾಗಗಳನ್ನು ಬಿಚ್ಚಿ. ಸಂಜೆ ತೊಳೆದರಾಯಿತು ಎಂದು ಇಡಬೇಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ, ಬಿಸಿ ನೀರು, ಇದಕ್ಕೆಂದೇ ಇಟ್ಟ ಸಣ್ಣ ಬ್ರಷ್. ಮೂತಿ, ನಳಿಗೆ, ಮುಚ್ಚಳದ ತಿರುಪು, ಈ ಮೂರು ಕಡೆಯೇ ಲೋಳೆ ಕಟ್ಟುವುದು, ಅಲ್ಲಿ ಚೆನ್ನಾಗಿ ಉಜ್ಜಿ. ಎಣ್ಣೆ ಪಾತ್ರೆ ತಿಕ್ಕಿದ ಸಿಂಕಿನ ಸ್ಕ್ರಬ್ಬರ್ ಬೇಡ. ಸೋಪು ಹೋಗುವವರೆಗೆ ನಲ್ಲಿ ನೀರಿನಲ್ಲಿ ತೊಳೆದರೂ ತೊಂದರೆಯಿಲ್ಲ. ಆದರೆ ಕೊನೆಯ ಜಾಲಿಕೆ ಕುದಿಸಿ ಆರಿಸಿದ ನೀರಿನಲ್ಲೇ ಆಗಬೇಕು. ಇದಕ್ಕೆಂದು ಅರ್ಧ ಲೋಟ ನೀರು ಜಾಸ್ತಿ ಕುದಿಸಿಟ್ಟುಕೊಳ್ಳಿ.

ಆಮೇಲೆ ನೀರನ್ನು ಜೋರಾಗಿ ಕೊಡವಿ, ಶುಭ್ರವಾದ ಟಿಶ್ಯೂ ಮೇಲೆ ಬೋರಲು ಹಾಕಿ, ಮುಚ್ಚಳ ಹಾಕದೆ ಪೂರ್ತಿ ಒಣಗಿಸಿ. ನೇಗ್ಲೇರಿಯಾ ಒಣಗಿದರೆ ಬದುಕುವುದಿಲ್ಲ, ಬ್ಯಾಕ್ಟೀರಿಯಾ ಬೆಳೆಯುವುದಕ್ಕೂ ಪಸೆ ಬೇಕು. ಬಳಸಿದ ಟವೆಲಿನಿಂದ ಒಳಗೆ ಒರೆಸಬೇಡಿ. ಇಡುವ ಜಾಗ ಬಚ್ಚಲಲ್ಲ, ಟಾಯ್ಲೆಟ್ಟಿನ ಶೆಲ್ಫಂತೂ ಅಲ್ಲವೇ ಅಲ್ಲ. ಗಾಳಿಯಾಡುವ ಕಿಟಕಿ ಪಕ್ಕ ಸಾಕು. ಜುಲೈ ತಿಂಗಳ ಮಲೆನಾಡು, ಕರಾವಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಲೋಟ ಒಣಗುವುದೆಲ್ಲಿ ಬಂತು! ಅಂಥ ಕಡೆ ಪ್ರತಿ ಸಲ ಬಳಸುವ ಮೊದಲು ಸ್ಟೀಲ್ ಲೋಟವನ್ನು ನೀರಿನಲ್ಲಿ ಮುಳುಗಿಸಿ ಐದು ನಿಮಿಷ ಕುದಿಸಿ. ಒಣ ಊರಿನವರಿಗೆ ವಾರಕ್ಕೊಮ್ಮೆ ಸಾಕು. ಪ್ಲಾಸ್ಟಿಕ್ಕನ್ನು ಕುದಿಸಬಹುದೇ, ಮೈಕ್ರೋವೇವ್‌ನಲ್ಲಿ ಇಡಬಹುದೇ ಎಂಬುದು ಒಂದೊಂದು ಬಾಟಲಿಗೆ ಒಂದೊಂದು ಥರ, ಜೊತೆಗೆ ಬರುವ ಚೀಟಿ ಓದಿ.

ಪ್ಲಾಸ್ಟಿಕ್ ಬಾಟಲಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ. ಗೀರು, ಮಬ್ಬು, ವಾಸನೆ, ಕಪ್ಪು ಚುಕ್ಕೆ ಕಂಡರೆ ಅಷ್ಟು ದಿನವೂ ಕಾಯಬೇಡಿ. ಗಂಡ ಹೆಂಡತಿಯೇ ಆಗಲಿ, ಒಬ್ಬರದ್ದನ್ನು ಇನ್ನೊಬ್ಬರು ಬಳಸುವಂತಿಲ್ಲ. ಶಿಬಿರಗಳಲ್ಲಿ ಒಂದೇ ಲೋಟ ಕೈಯಿಂದ ಕೈಗೆ ದಾಟುವುದನ್ನು ಕಂಡರೆ ನಿಮ್ಮದನ್ನು ನೀವೇ ಒಯ್ಯಿರಿ.

ಯಾವಾಗ ಬೇಡ?

ಕಿವಿ ಸೋಂಕು, ಪದೇಪದೇ ಮೂಗಿನಿಂದ ರಕ್ತ, ಇತ್ತೀಚೆಗೆ ಮೂಗಿನ ಆಪರೇಷನ್, ಕುಗ್ಗಿದ ರೋಗನಿರೋಧಕ ಶಕ್ತಿ, ಇವುಗಳಲ್ಲಿ ಯಾವುದಿದ್ದರೂ ಡಾಕ್ಟರನ್ನು ಕೇಳದೆ ಮಾಡಬೇಡಿ. ಮಕ್ಕಳಿಗೂ ಹಾಗೆಯೇ. ಮೂಗು ಪೂರ್ತಿ ಕಟ್ಟಿರುವಾಗ ಒತ್ತಾಯದಿಂದ ನೀರು ನುಗ್ಗಿಸುವುದೂ ತಪ್ಪು.

ಮೂಗಿಗೆ ಕುದಿಸದ ನೀರು ಹೋದ ಮೇಲೆ 12 ದಿನದೊಳಗೆ ಜೋರು ತಲೆನೋವು, ಜ್ವರ, ವಾಂತಿ, ಕತ್ತು ಬಿಗಿತ ಕಂಡರೆ ನೇರ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳದಿದ್ದರೂ ಮೂಗು ತೊಳೆದ ವಿಷಯವನ್ನೂ, ಬಳಸಿದ್ದು ಯಾವ ನೀರು ಎಂಬುದನ್ನೂ ನೀವಾಗಿಯೇ ಹೇಳಿ.