ಪ್ರವಾಸಿಗರ ದುಡ್ಡು ಊರಲ್ಲೇ ನಿಲ್ಲಬೇಕೆ? ಹೋಮ್‌ಸ್ಟೇ ಹೀಗೆ ಶುರು ಮಾಡಿ

ಶನಿವಾರ ಬಂತೆಂದರೆ ಉತ್ತರ ಕನ್ನಡದ ಸಹಸ್ರಲಿಂಗ, ಯಾಣ, ಉಂಚಳ್ಳಿಯ ದಾರಿಯಲ್ಲಿ ಕಾರುಗಳ ಸಾಲು. ಬುತ್ತಿ ಹುಬ್ಬಳ್ಳಿಯದು, ನೀರಿನ ಬಾಟಲಿ ಬೆಂಗಳೂರಿನದು, ರಾತ್ರಿ ವಸತಿ ಗೋಕರ್ಣದಲ್ಲೋ ಮುರ್ಡೇಶ್ವರದಲ್ಲೋ. ದಾರಿಯ ಊರುಗಳ ಪಾಲಿಗೆ ಉಳಿಯುವುದು ಖಾಲಿ ಬಾಟಲಿ ಮತ್ತು ಧೂಳು. ಜನ ಬಂದರೆ ಸಾಕು, ಊರು ಉದ್ಧಾರವಾಗುತ್ತದೆ ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ. ಬಂದವರು ಬಿಚ್ಚಿದ ದುಡ್ಡು ಊರಿನ ಎಷ್ಟು ಮನೆಗಳ ಕೈ ಸೇರುತ್ತದೆ ಎಂಬುದೇ ಮುಖ್ಯ. ಅಡಿಕೆಗೆ ಕೊಳೆರೋಗ, ಎಲೆಚುಕ್ಕಿ ರೋಗ ಎರಡೂ ಬಡಿಯುತ್ತಿರುವಾಗ ಶಿರಸಿ, ಸಿದ್ದಾಪುರದ ತೋಟದ ಮನೆಗಳಿಗೆ ಇನ್ನೊಂದು ಆದಾಯ ಬೇಕೇ ಬೇಕು. ಮಕ್ಕಳು ಪರ ಊರಲ್ಲಿದ್ದಾರೆ, ಮಾಳಿಗೆ ಖಾಲಿ ಬಿದ್ದಿದೆ, ಹೋಮ್‌ಸ್ಟೇ ಮಾಡೋಣ ಎಂದು ಹೊರಟವರಿಗಾಗಿ ಈ ಬರಹ.

ಬಣ್ಣ ಬಳಿಯುವ ಮೊದಲು ಪಟ್ಟಿ ಬರೆಯಿರಿ

ಮೊದಲ ಕೆಲಸ ಗೋಡೆಗೆ ಬಣ್ಣ ಹೊಡೆಸುವುದಲ್ಲ. ಊರಿನ ಐದಾರು ಮನೆಯವರನ್ನು ಜಗಲಿಗೆ ಕರೆದು ಕೂರಿಸಿ. ಯಾರ ಮನೆಯಲ್ಲಿ ಹಾಲು ಹೆಚ್ಚಿದೆ, ಜೋನಿಬೆಲ್ಲ (ದ್ರವ ಬೆಲ್ಲ) ಯಾರಲ್ಲಿ ಸಿಗುತ್ತದೆ, ಹಲಸಿನ ಹಪ್ಪಳ ಯಾರು ಚೆನ್ನಾಗಿ ಮಾಡುತ್ತಾರೆ, ಜೀಪು ಯಾರದು, ಕಾಡಿನ ದಾರಿ ಯಾರಿಗೆ ಗೊತ್ತು ಎಂದು ಹೆಸರು ಸಮೇತ ಬರೆದುಕೊಳ್ಳಿ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರ ಹೆಸರೂ ಅದರಲ್ಲಿರಲಿ. ಪೇಟೆಯವರು ಕಣ್ಣರಳಿಸಿ ನೋಡುವುದು ಅವರ ಕೈಚಳಕವನ್ನೇ. ಪಟ್ಟಿ ನಮ್ಮ ನಮ್ಮ ಜಾತಿಯ ಮನೆಗಳಲ್ಲೇ ಮುಗಿದರೆ ಅದನ್ನು ಊರಿನ ಅಭಿವೃದ್ಧಿ ಎನ್ನಲಾಗದು. ಇದನ್ನು ಆರಂಭದಲ್ಲೇ ಸರಿಪಡಿಸಿಕೊಳ್ಳಬೇಕು, ಆಮೇಲೆ ಆಗುವುದಿಲ್ಲ.

ಪಟ್ಟಿಯಾದ ಮೇಲೆ ಲೆಕ್ಕ. ಊಟ, ವಸತಿ ಸೇರಿ ತಲೆಗೆ ದಿನಕ್ಕೆ 1,500 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅಕ್ಕಿ, ಹಾಲು, ತರಕಾರಿಗೆ 250, ತೋಟ ಸುತ್ತಿಸುವವರಿಗೆ 200, ಬಟ್ಟೆ ಒಗೆದು ಕೋಣೆ ಶುಚಿ ಮಾಡುವವರಿಗೆ 150, ಊರಿನ ನಿಧಿಗೆ 50. ಅಲ್ಲಿಗೆ 650 ರೂಪಾಯಿ ನಿಮ್ಮ ಅಂಗಳ ದಾಟಿ ಊರೊಳಗೆ ಹೋಯಿತು. ಉಳಿದ 850ರಲ್ಲಿ ಕರೆಂಟು, ಗ್ಯಾಸು, ದುರಸ್ತಿ ಕಳೆದು ನಿಮ್ಮ ದುಡಿಮೆಯ ಫಲ. ತರಕಾರಿಯನ್ನು ಪೇಟೆಯಿಂದ ತಂದು, ಆನ್‌ಲೈನ್ ಬುಕಿಂಗ್ ಕಂಪನಿಗೆ ಕಮಿಷನ್ ಕಟ್ಟಿ, ಗೈಡನ್ನೂ ಹೊರಗಿನಿಂದ ಕರೆಸಿದರೆ ಅದೇ ದುಡ್ಡು ತೂತು ಬಿದ್ದ ಕೊಡದ ನೀರಾಗುತ್ತದೆ. ಆರಂಭದ ದಿನಗಳಲ್ಲಿ ಬುಕಿಂಗ್ ಕಂಪನಿ ಬೇಕಾಗಬಹುದು. ಬಂದವರ ಫೋನ್ ನಂಬರ್ ಇಟ್ಟುಕೊಂಡು, ಮುಂದಿನ ಸಲ ನೇರವಾಗಿ ನಿಮ್ಮನ್ನೇ ಕೇಳುವಂತೆ ಮಾಡಿ.

ಕೋಣೆ ಮತ್ತು ಕಾಗದಪತ್ರ

ಹೊಸ ಕಾಟೇಜ್ ಕಟ್ಟುವ ಆಸೆ ಬೇಡ. ಸೊಪ್ಪಿನ ಬೆಟ್ಟದಲ್ಲಂತೂ ಕಟ್ಟಲೇಬೇಡಿ, ಅದು ಸೊಪ್ಪು, ದರಕಿಗೆಂದು (ಒಣ ಎಲೆಗೆಂದು) ತೋಟಿಗರಿಗೆ ಹಕ್ಕು ಕೊಟ್ಟಿರುವ ಅರಣ್ಯ ಭೂಮಿ. ಇರುವ ಮನೆಯ ಎರಡು ಕೋಣೆ ಸಾಕು. ಖರ್ಚು ಮಾಡುವುದಿದ್ದರೆ ಶೌಚಾಲಯಕ್ಕೆ ಮಾಡಿ: ಒಣಗಿದ ನೆಲ, ಗಟ್ಟಿ ಚಿಲಕ, ಬಚ್ಚಲ ಹಂಡೆಯ ಬಿಸಿನೀರು. ಕೇಂದ್ರ ಸರ್ಕಾರದ ಹೋಮ್‌ಸ್ಟೇ ಮಾನ್ಯತೆಗೆ ಮನೆಯವರು ಅಲ್ಲೇ ವಾಸವಿರಬೇಕು. ಕೋಣೆ ಆರಕ್ಕಿಂತ, ಹಾಸಿಗೆ ಹನ್ನೆರಡಕ್ಕಿಂತ ಹೆಚ್ಚಿರಬಾರದು. ರಾಜ್ಯದ ನೋಂದಣಿಗೆ ಕಾರವಾರದಲ್ಲಿರುವ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಪಂಚಾಯಿತಿ, ಪೊಲೀಸ್ ಠಾಣೆಯ ಕಾಗದಗಳಿಗೆ ಮೊದಲೇ ಓಡಾಡಿಕೊಳ್ಳಿ. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ಮಾಹಿತಿ ತುಂಬುವುದು ಕಡ್ಡಾಯ.

ಏನು ತೋರಿಸುವುದು?

ಜಲಪಾತಕ್ಕೆ ಅವರೇ ಹೋಗಿ ಬರುತ್ತಾರೆ. ನೀವು ತೋರಿಸಬೇಕಾದ್ದು ಬೇರೆ ಎಲ್ಲೂ ಸಿಗದ್ದನ್ನು. ಆಲೆಮನೆಯ ದಿನಗಳಲ್ಲಿ ತೊಡೆದೇವು ಎಂಬ ಸಿಹಿತಿಂಡಿ ಮಾಡುವವರ ಮುಂದೆ ಅತಿಥಿಗಳನ್ನು ಕೂರಿಸಿ. ಒಲೆಯ ಮೇಲೆ ಬೋರಲು ಹಾಕಿದ ಗಡಿಗೆ, ಕಬ್ಬಿನ ಹಾಲಿನಲ್ಲಿ ಕಲಸಿದ ತೆಳ್ಳನೆಯ ಅಕ್ಕಿ ಹಿಟ್ಟು. ಅದರಲ್ಲಿ ಅದ್ದಿದ ಬಟ್ಟೆಯನ್ನು ಬಿಸಿ ಗಡಿಗೆಯ ಮೈಮೇಲೆ ಒಮ್ಮೆ ಎಳೆದರೆ ಚುಂಯ್ ಎಂದು ಕಾಗದದಷ್ಟು ತೆಳುವಾದ ಪದರ. ಆರುವುದರೊಳಗೆ ಎಬ್ಬಿಸಿ ಮಡಚಬೇಕು, ಒಂದು ಕ್ಷಣ ತಡವಾದರೂ ಪುಡಿ. ಇಷ್ಟು ನಾಜೂಕಿನ ಕೆಲಸವನ್ನು ಪುಕ್ಕಟೆ ತೋರಿಸುವುದು ಅನ್ಯಾಯ. ಅದಕ್ಕೆ ಪ್ರತ್ಯೇಕ ದರ ಇಡಿ, ಹಣ ನೇರವಾಗಿ ಮಾಡಿದ ಹೆಂಗಸರ ಕೈಗೆ ಹೋಗಲಿ. ಯಲ್ಲಾಪುರದ ಸಿದ್ದಿಯರ ಡಮಾಮಿ ಕುಣಿತ-ವಾದ್ಯ, ಅಂಕೋಲಾದ ಹಾಲಕ್ಕಿಗಳ ಹಾಡು ಕೇಳಿಸಬೇಕೆಂದರೂ ಇದೇ ನಿಯಮ: ದಿನವನ್ನೂ ಸಂಭಾವನೆಯನ್ನೂ ಅವರೇ ಹೇಳಬೇಕು.

ಕರಾವಳಿಯವರಿಗೂ ದಾರಿ ಇದೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎನಿಸಿತು. ಅಲ್ಲಿ ದೋಣಿಯಲ್ಲಿ ಒಂದು ಸುತ್ತು, ಬಳಚು (ಚಿಪ್ಪಿನ ಜೀವಿ) ಆರಿಸುವವರೊಡನೆ ಇಳಿತದ ಹೊತ್ತಿನ ನಡಿಗೆ, ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಕಗ್ಗ ಅಕ್ಕಿಯ ಗಂಜಿ, ಇಷ್ಟಿದ್ದರೆ ಒಂದು ದಿನ ತುಂಬುತ್ತದೆ.

ಮುಲಾಜಿಲ್ಲದೆ ಹೇಳಬೇಕಾದ್ದು

ಬುಕಿಂಗ್ ಹೊತ್ತಿಗೇ ನಿಯಮ ತಿಳಿಸಿ. ಜಲಪಾತದ ಬಂಡೆಯ ಮೇಲೆ ಇಳಿಯುವಂತಿಲ್ಲ, ಪ್ಲಾಸ್ಟಿಕ್ ತಂದವರು ವಾಪಸ್ ಒಯ್ಯಬೇಕು, ರಾತ್ರಿ ಗದ್ದಲ ಇಲ್ಲ. ಬೇಸಿಗೆಯಲ್ಲಿ ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಸುದ್ದಿ ಇದ್ದರೆ ಕಾಡಿನ ನಡಿಗೆ ರದ್ದು ಮಾಡಿ. ಆ ರೋಗ ಹರಡುವ ಉಣುಗು (ಉಣ್ಣೆ) ಕಚ್ಚಿದರೆ ಅತಿಥಿ ಎಂದು ಬಿಡುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆಯ ಸ್ಥಿತಿ ಕೇಳಿಕೊಂಡೇ ಜನರನ್ನು ಕರೆಯಿರಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳೇ ಹೋದವು. ಒಂದು ಬುಕಿಂಗ್ ಹೋದರೆ ಹೋಗಲಿ.

ಹಂಗಾಮು ಮುಗಿದ ಮೇಲೆ

ಮಳೆ ಹಿಡಿಯುವ ಮೊದಲು, ಮೇ ಕೊನೆಗೆ, ಪುಸ್ತಕ ತೆರೆದು ಎಲ್ಲರೆದುರು ಲೆಕ್ಕ ಓದಿ. ಯಾರಿಗೆ ಎಷ್ಟು ಸಂದಿತು, ನಿಧಿಯಲ್ಲಿ ಎಷ್ಟಿದೆ ಎಂಬುದು ಮುಚ್ಚುಮರೆ ಇಲ್ಲದೆ ಗೊತ್ತಾಗಲಿ. ನಿಧಿಯ ಹಣದಿಂದ ಹಳ್ಳದ ಸಂಕ (ಕಾಲುಸೇತುವೆ) ರಿಪೇರಿ ಮಾಡಿಸುವುದೋ, ಕಸ ಸಾಗಿಸುವ ವ್ಯವಸ್ಥೆಗೆ ಕೊಡುವುದೋ ಎಂದು ಸಭೆಯಲ್ಲೇ ತೀರ್ಮಾನಿಸಿ. ಯಾರ ಹೆಸರಿನ ಮುಂದೆ ಏನೂ ಬಂದಿಲ್ಲವೋ ಅವರಿಗೆ ಮುಂದಿನ ಹಂಗಾಮಿನ ಮೊದಲ ಬುಕಿಂಗಿನಲ್ಲೇ ಒಂದು ಕೆಲಸ ಗೊತ್ತುಮಾಡಿ.