ಜಾಕಾ ಸೆಂಬುಂಗ್ ಸಿನಿಮಾವನ್ನು ನೆರೆಕರೆಯವರಿಗೆ ತೋರಿಸುವುದು ಹೇಗೆ

ಜನ ನಗುತ್ತಾರೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡಿ. 1981ರ ಇಂಡೋನೇಷ್ಯಾದ ಫೈಟಿಂಗ್ ಪಿಕ್ಚರ್ ಇದು. ಇಂಗ್ಲಿಷ್ ಡಬ್ಬಿಂಗ್ ಒಂದು ಕಡೆ, ಪಾತ್ರದ ತುಟಿ ಇನ್ನೊಂದು ಕಡೆ. ಕಡಿದ ತಲೆ ವಾಪಸ್ ಬಂದು ಮೈಗೆ ಅಂಟಿಕೊಳ್ಳುತ್ತದೆ. ನಗಬೇಡಿ ಅಂದರೆ ಯಾರು ಕೇಳುತ್ತಾರೆ? ಆದರೆ ಖುಷಿಯಲ್ಲಿ ನಕ್ಕು ಕೊನೆಯವರೆಗೆ ಕೂರುತ್ತಾರೋ, ಗೇಲಿ ಮಾಡಿ ಅರ್ಧಕ್ಕೇ ಎದ್ದು ಹೋಗುತ್ತಾರೋ ಅನ್ನುವುದು ತೋರಿಸುವವನ ಕೈಯಲ್ಲಿದೆ. ಶುರುವಿಗೆ ನೀವು ಏನು ಹೇಳುತ್ತೀರಿ, ಎಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೀರಿ, ಅಷ್ಟೇ.

ನನಗೆ ಮಲ್ಪೆಯಲ್ಲಿ ಒಂದು ಕಾಲಕ್ಕೆ ಕ್ಯಾಸೆಟ್ ಲೈಬ್ರರಿ ಇತ್ತು. ವಿಸಿಆರ್, ಕಲರ್ ಟಿವಿ, ಜೊತೆಗೆ ಕ್ಯಾಸೆಟ್, ಎಲ್ಲ ರಾತ್ರಿ ಬಾಡಿಗೆಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಬೋಟುಗಳು ದಡದಲ್ಲಿ ನಿಂತಾಗ ವ್ಯಾಪಾರ ಜಾಸ್ತಿ. ಹಾಂಕಾಂಗ್‌ನದ್ದಿರಲಿ, ಜಕಾರ್ತಾದ್ದಿರಲಿ, ಗಿರಾಕಿಗಳ ಬಾಯಲ್ಲಿ ಎಲ್ಲದಕ್ಕೂ ಒಂದೇ ಹೆಸರು, ಕರಾಟೆ ಪಿಕ್ಚರ್. ಆ ಅಂಗಡಿ ಈಗಿಲ್ಲ. ಉಪ್ಪುಗಾಳಿ, ಬೂಷ್ಟು ಎರಡೂ ಸೇರಿ ಕ್ಯಾಸೆಟ್‌ಗಳನ್ನೂ ತಿಂದುಹಾಕಿದವು. ಈಗ ಪ್ರೊಜೆಕ್ಟರ್ ಇದೆ, ಅಂಗಳ ಇದೆ, ನೆರೆಕರೆಯವರಿದ್ದಾರೆ. ಮನೆಯವರು, ನೆಂಟರು ಸೇರಿ ನೋಡುವುದಕ್ಕೆ ತೊಂದರೆಯಿಲ್ಲ. ಯುವಕ ಮಂಡಲದ ಬ್ಯಾನರ್ ಕಟ್ಟಿ, ಟಿಕೆಟ್ ಹರಿದು ತೋರಿಸುವುದಾದರೆ ಮಾತ್ರ ಹಕ್ಕು ಇರುವವರಿಂದ ಮೊದಲೇ ಅನುಮತಿ ಬೇಕು.

ಪ್ರತಿ ಹುಡುಕುವಾಗ 'ದಿ ವಾರಿಯರ್' ಅಂತ ಹುಡುಕಿ. ಇಂಗ್ಲಿಷಿನಲ್ಲಿ ಇದೇ ಹೆಸರು. ಮೊಂಡೊ ಮಕಾಬ್ರೊ ಅನ್ನುವ ಸಂಸ್ಥೆ ಡಿವಿಡಿ ತಂದಿದೆ. ವಿದೇಶದ ಡಿವಿಡಿ ತರಿಸುವಾಗ ರೀಜನ್, ಅಂದರೆ ಯಾವ ಸೀಮೆಯ ಪ್ಲೇಯರಿನಲ್ಲಿ ಓಡುತ್ತದೆ ಅನ್ನುವ ನಂಬರು, ನೋಡಿಕೊಳ್ಳಿ. ನಮ್ಮ ದೇಶದ್ದು 5, ಅಮೆರಿಕದ್ದು 1. ಮನೆಯ ಪ್ಲೇಯರ್ ಹಠ ಹಿಡಿದರೆ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿ. ಅಂಚು ಕತ್ತರಿಸಿದ ಹಳೇ ಟಿವಿ ಪ್ರತಿ ಸಿಕ್ಕಿದರೆ ಬೇಡ. ಹೊಡೆದಾಟದಲ್ಲಿ ಒಬ್ಬ ಈ ತುದಿಯಲ್ಲಿ, ಇನ್ನೊಬ್ಬ ಆ ತುದಿಯಲ್ಲಿ ನಿಂತಿರುತ್ತಾನೆ. ಅಂಚು ಹೋಯಿತೆಂದರೆ ಅವನು ಗಾಳಿಗೆ ಒದೆಯುವುದು ಮಾತ್ರ ಕಾಣುತ್ತದೆ. ಪ್ರೊಜೆಕ್ಟರಿನಲ್ಲಿ ಜೂಮ್ ಕೂಡ ಒತ್ತಬೇಡಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಬರಲಿ.

ದಿನ ಆರಿಸುವುದು ಸ್ವಲ್ಪ ತಲೆಬಿಸಿಯ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದ ಮಾತೇ ಇಲ್ಲ, ಚಾವಡಿಯೊಳಗೆ ಮಾಡಬೇಕು. ನವೆಂಬರ್ ಬಂತೆಂದರೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಹತ್ತಿರದಲ್ಲಿ ಎಲ್ಲಾದರೂ ಆಟ ಇರುವ ರಾತ್ರಿ ಸಿನಿಮಾ ಇಟ್ಟರೆ ನೀವು ಮತ್ತು ನಿಮ್ಮ ಸೊಳ್ಳೆಬತ್ತಿ ಇಬ್ಬರೇ ಕೂತು ನೋಡಬೇಕಾಗುತ್ತದೆ.

ಇನ್ನು ಮುಖ್ಯ ವಿಷಯ, ಪೀಠಿಕೆ. ಐದು ನಿಮಿಷ ಸಾಕು, ಮೈಕ್ ಬೇಡ. ನಾನು ಹೇಳುವುದು ಹೀಗೆ. ಜಾವಾ ದ್ವೀಪದ ಉತ್ತರ ಕರಾವಳಿಯಲ್ಲಿ ಚಿರೆಬೊನ್, ಇಂದ್ರಮಾಯು ಅನ್ನುವ ಊರುಗಳಿವೆ. ನಮ್ಮ ಹಾಗೇ ಮೀನು, ಭತ್ತ, ಮಾವಿನಹಣ್ಣಿನ ಸೀಮೆ. ಕಥೆಯ ಕಾಲಕ್ಕೆ ಅಲ್ಲಿ ಡಚ್ಚರ ಆಡಳಿತ. ಯಾವ ಡಚ್ಚರು? ಬೇರೆ ಯಾರೂ ಅಲ್ಲ, 17ನೇ ಶತಮಾನದಲ್ಲಿ ನಮ್ಮ ಬಸ್ರೂರಿಗೆ ಬಂದು ಅಕ್ಕಿ ಕೊಳ್ಳುತ್ತಿದ್ದವರೇ. ಅವರ ವಿರುದ್ಧ ನಿಂತವನು ಪಾರ್ಮಿನ್, ಜನ ಕರೆಯುವುದು ಜಾಕಾ ಸೆಂಬುಂಗ್ ಅಂತ. ಅವನ ವಿದ್ಯೆ ಸಿಲಾತ್, ಅಲ್ಲಿಯ ಗರಡಿ ವಿದ್ಯೆ ಅಂದುಕೊಳ್ಳಿ. 2019ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಬಸ್ರೂರಿನ ಮಾತು ಬಂದ ಕೂಡಲೇ ಹಿಂದೆ ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತುತ್ತಾರೆ.

ಇದು ನಡೆದ ಕಥೆಯಾ ಅಂತ ಕೇಳಿಯೇ ಕೇಳುತ್ತಾರೆ. ಸುಳ್ಳು ಹೇಳಬೇಡಿ. ಅಬ್ಬಕ್ಕನ ಹಾಗೆ ಇತಿಹಾಸದಲ್ಲಿ ಇದ್ದವನಲ್ಲ ಇವನು. ಜಾಯಿರ್ ವರ್ನಿ ಅನ್ನುವ ಕಾಮಿಕ್ಸ್ ಕಲಾವಿದ ತನ್ನ ಪುಸ್ತಕಗಳಲ್ಲಿ ಹುಟ್ಟಿಸಿದ ವೀರ. ಆ ದೇಶದಲ್ಲಿ ನಿಜವಾಗಿ ಇದ್ದು ಆಮೇಲೆ ಕಥೆಯಾದವನು ಬೇಕೆಂದರೆ ಸಿ ಪಿಟುಂಗ್ ಇದ್ದಾನೆ, ಜಕಾರ್ತಾ ಸೀಮೆಯವನು, 1893ರಲ್ಲಿ ಡಚ್ ಪೊಲೀಸರ ಗುಂಡಿಗೆ ಸತ್ತವನು. ಅವನ ಮೇಲೂ ಸಿನಿಮಾಗಳಿವೆ. ಆದರೆ ಮೊದಲ ಸಲ ನೋಡುವವರಿಗೆ ನಾನು ಜಾಕಾನನ್ನೇ ಹಾಕುತ್ತೇನೆ. ಮಾಯ ಮಂತ್ರ ಜಾಸ್ತಿ, ನಮ್ಮವರಿಗೆ ಅದೇ ರುಚಿ.

ಹೀರೋ ಹೆಸರು ಬ್ಯಾರಿ ಪ್ರಿಮಾ. ನಮ್ಮ ಕರಾವಳಿಯ ಮುಸ್ಲಿಮರನ್ನು ಬ್ಯಾರಿ ಅನ್ನುತ್ತೇವಲ್ಲ, ಈ ಹೆಸರು ಹೇಳಿದ ಕೂಡಲೇ ಹಿಂದಿನ ಸಾಲಿನಿಂದ ಒಂದು ಜೋಕ್ ಬರುತ್ತದೆ. ಬರಲಿ ಬಿಡಿ, ಎಲ್ಲರೂ ಒಂದು ಸಲ ನಕ್ಕು ಹಗುರಾಗುತ್ತಾರೆ. ಆಮೇಲೆ ನೀವು ಇದನ್ನು ಹೇಳಿ: ಡಚ್ಚರನ್ನು ಹೊಡೆಯುವ ಈ ಹೀರೋನ ಮೈಯಲ್ಲಿ ಡಚ್ ರಕ್ತವೂ ಇದೆ. ಹುಟ್ಟಿದ್ದು ಬಾಂಡುಂಗ್‌ನಲ್ಲಿ, ಮನೆತನದ ಹೆಸರು ಕ್ನೋಖ್. ನಿರ್ದೇಶಕನ ಹೆಸರು ಸಿಸ್ವೊರೊ ಗೌತಮ ಪುತ್ರ ಅಂದಾಗಲೂ ಅಜ್ಜಂದಿರು ಒಮ್ಮೆ ತಿರುಗಿ ನೋಡುತ್ತಾರೆ. ನಿರ್ಮಿಸಿದ್ದು ರಾಪಿ ಫಿಲ್ಮ್ಸ್, ಭಾರತೀಯ ಮೂಲದ ಸಂತಾನಿ ಮನೆಯವರ ಕಂಪನಿ. ಹಾಗಾಗಿ ಹಳೇ ಹಿಂದಿ ಮಸಾಲಾ ಪಿಕ್ಚರಿನ ವಾಸನೆ ಬಂದರೆ ನಿಮ್ಮ ಮೂಗನ್ನು ಅನುಮಾನಿಸಬೇಡಿ.

ಸಿನಿಮಾ ಶುರುವಾದ ಮೇಲೆ ಮಧ್ಯೆ ಬಾಯಿ ಹಾಕುವುದು ಎರಡೇ ಕಡೆ.

ಒಂದು, ಕಿ ಹಿತಮ್ ಬರುವಾಗ. ಇವನು ಗೋರಿಯಿಂದ ಎದ್ದು ಬರುವ ಮಂತ್ರವಾದಿ, ಡಚ್ಚರ ಪರ. ಇವನಿಗೆ ರಾವ ರೊಂಟೆಕ್ ಅನ್ನುವ ವಿದ್ಯೆ ಗೊತ್ತು. ಕಡಿದ ಅಂಗ ನೆಲಕ್ಕೆ ತಾಗಿದರೆ ಮತ್ತೆ ಕೂಡಿಕೊಳ್ಳುತ್ತದೆ. ಸುಮ್ನೆ ಬಿಟ್ಟರೆ ಇಲ್ಲೇ ಗೇಲಿ ಶುರುವಾಗುವುದು. ಟ್ರಿಕ್ ಶಾಟ್ ಅಷ್ಟು ಹಳೇದು. ಆಗ ಒಂದೇ ಮಾತು ಹೇಳಿ: 'ಜರಾಸಂಧ.' ಮಾರಾಯ್ರೆ, ಸೀಳಿದ ಜರಾಸಂಧ ಮತ್ತೆ ಕೂಡಿಕೊಂಡು ಭೀಮನ ಎದುರು ನಿಲ್ಲುವುದನ್ನು ನಿದ್ದೆಗಣ್ಣಲ್ಲಿ ಕೂತು ನೋಡಿ ಬೆಳೆದ ಊರು ಇದು. ದೇವಿಮಹಾತ್ಮೆಯಲ್ಲಿ ರಕ್ತಬೀಜನ ಒಂದೊಂದು ಹನಿಗೂ ಒಬ್ಬೊಬ್ಬ ಹುಟ್ಟುವುದನ್ನು ನಂಬಿದವರಿಗೆ ಈ ತಲೆ ಯಾವ ಲೆಕ್ಕ? ಅಲ್ಲಿಂದ ಪ್ರಶ್ನೆಯೇ ಬದಲಾಗುತ್ತದೆ. 'ಇದೆಂಥ ಮಂಗಾಟ' ಅನ್ನುವವರು 'ಹಾಗಾದರೆ ಇವನನ್ನು ಕೊಲ್ಲುವುದು ಹೇಗೆ' ಅಂತ ಯೋಚಿಸಲು ಶುರು ಮಾಡುತ್ತಾರೆ. ನೆಲಕ್ಕೆ ತಾಗಿದರೆ ಕೂಡುತ್ತದೆ ಅನ್ನುವುದೊಂದನ್ನು ಗಟ್ಟಿಯಾಗಿ ಹೇಳಿ ಸುಮ್ಮನಾಗಿ. ಉಪಾಯ ಯಾರಾದರೂ ಹುಡುಗನೇ ಕೂಗಿ ಹೇಳುತ್ತಾನೆ.

ಎರಡನೆಯದು ಇನ್ನೂ ಸೂಕ್ಷ್ಮ. ಮಂತ್ರದಿಂದ ಹೀರೋವನ್ನು ಹಂದಿ ಮಾಡುವ ಜಾಗ ಇದೆ. ತುಳುನಾಡಿನಲ್ಲಿ ಹಂದಿ ಅಂದರೆ ಮೊದಲು ನೆನಪಾಗುವುದು ಪಂಜುರ್ಲಿ, ಹಂದಿ ರೂಪದ ದೈವ. ನಮ್ಮವರು ಅದನ್ನು ಶಕ್ತಿ ಬಂತು ಅಂತ ಓದಿಕೊಳ್ಳುವ ಸಾಧ್ಯತೆ ಇದೆ. 'ಇನ್ನು ನೋಡಿ, ಗುದ್ದಿ ಹಾಕುತ್ತಾನೆ' ಅಂತ ಒಬ್ಬರು ನನ್ನ ಪಕ್ಕದಲ್ಲೇ ಹೇಳಿದ್ದರು. ಕಥೆಯಲ್ಲಿ ಅದು ತಿರುವುಮುರುವು. ಜಾಕಾ ಸೆಂಬುಂಗ್ ಮುಸ್ಲಿಂ, ನಮಾಜು ಮಾಡುವವನು. ಅವನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಇದನ್ನು ಆ ಜಾಗದಲ್ಲಿ ಹೇಳಿದರೆ ಪಾಠ ಮಾಡಿದ ಹಾಗಾಗುತ್ತದೆ. ಎರಡು ದೃಶ್ಯ ಮೊದಲೇ ಮೆಲ್ಲಗೆ ಹೇಳಿಬಿಡಿ. ಗುಂಪಿನಲ್ಲಿ ಬ್ಯಾರಿ ಮನೆಯವರಿದ್ದರೆ ಅವರಿಗೇ ಕೇಳಿ, ನಿಮಗಿಂತ ಚೆನ್ನಾಗಿ ವಿವರಿಸುತ್ತಾರೆ.

ಮಕ್ಕಳ ವಿಷಯದಲ್ಲಿ ಮುಲಾಜು ಬೇಡ. ಜಾಕಾ ಸೆರೆ ಸಿಕ್ಕಾಗ ಅವನ ಕಣ್ಣು ಕೀಳುತ್ತಾರೆ, ಅದನ್ನು ತೋರಿಸುತ್ತಾರೆ ಕೂಡ. ಆಮೇಲೆ ಬೇರೆಯವರ ಕಣ್ಣು ಜೋಡಿಸುವ ಜಾಗವೂ ಇದೆ. ಸಣ್ಣ ಮಕ್ಕಳನ್ನು ಕರೆತರಬೇಡಿ ಅಂತ ಕರೆಯುವಾಗಲೇ ಹೇಳಿ. ಬಂದೇ ಬಿಟ್ಟರೆ ಆ ದೃಶ್ಯ ಬರುವ ಮೊದಲು ಅವರನ್ನು ಗೋಳಿಬಜೆ ತಿನ್ನಲು ಒಳಗೆ ಕಳಿಸುವುದಕ್ಕೆ ಒಬ್ಬ ಚಿಕ್ಕಮ್ಮನನ್ನು ಗೊತ್ತು ಮಾಡಿಟ್ಟುಕೊಳ್ಳಿ. ನೀವು ಸಿನಿಮಾವನ್ನು ಒಮ್ಮೆ ಒಬ್ಬರೇ ಕೂತು ನೋಡಿ, ಆ ಜಾಗ ಎಷ್ಟನೇ ನಿಮಿಷಕ್ಕೆ ಬರುತ್ತದೆ ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡಿರಬೇಕು. ಫಾಸ್ಟ್ ಫಾರ್ವರ್ಡ್ ಮಾತ್ರ ಮಾಡಬೇಡಿ. ಅಲ್ಲಿ ಹೀರೋ ಕಳೆದುಕೊಂಡದ್ದು ಕಾಣದಿದ್ದರೆ ಮುಂದಿನ ಅರ್ಧಕ್ಕೆ ತೂಕವೇ ಇಲ್ಲ. ದೊಡ್ಡವರಿಗೆ ಚಹಾ ಅದೇ ದೃಶ್ಯ ಮುಗಿದ ಮೇಲೆ ಕೊಡಿ. ಒಂದೂವರೆ ಗಂಟೆಯ ಆಸುಪಾಸಿನ ಸಿನಿಮಾಕ್ಕೆ ಬೇರೆ ಇಂಟರ್ವಲ್ ಬೇಡ.

ಸೌಂಡು ಜಾಸ್ತಿ ಇಡಬೇಡಿ, ಒದೆತದ ಸದ್ದು ಹೇಗೂ ಸಿಡಿಲಿನ ಹಾಗೆ ಬರುತ್ತದೆ. ಪರದೆಗೆ ಬಿಳಿ ಪಂಚೆ ಆಗುತ್ತದೆ, ಕೆಳಗೆ ಕಲ್ಲು ಕಟ್ಟಿದರೆ ಕಡಲಗಾಳಿಗೆ ಹಾರುವುದಿಲ್ಲ. ಇಂಗ್ಲಿಷ್ ಗೊತ್ತಿಲ್ಲದವರ ಪಕ್ಕ ಒಬ್ಬ ಕಾಲೇಜು ಹುಡುಗಿಯನ್ನು ಕೂರಿಸಿ. ಮಾತು ಹೇಗೂ ಕಮ್ಮಿ. ಅವಳು ತುಳುವಿನಲ್ಲಿ ಸೇರಿಸಿ ಹೇಳುವ ಡೈಲಾಗ್ ಮೂಲಕ್ಕಿಂತ ಚೆನ್ನಾಗಿರುತ್ತದೆ.

ಮುಗಿದ ಕೂಡಲೇ ಇನ್ನೊಂದು ಹಾಕಿ ಅನ್ನುತ್ತಾರೆ. ಮುಂದಿನ ಭಾಗಗಳು ಇವೆ. 1983ರದ್ದರಲ್ಲಿ ಜಾಕಾನಿಗೆ ಎದುರಾಗಿ ಸಿ ಬುಟಾ ಅನ್ನುವ ಕುರುಡ ಕತ್ತಿವೀರ ಬರುತ್ತಾನೆ. ಅವನೂ ಆ ದೇಶದ ಕಾಮಿಕ್ಸ್‌ನ ದೊಡ್ಡ ಹೀರೋ, ಅವನಿಗೂ ಬೇರೆ ಪೀಠಿಕೆ ಬೇಕು. ಅದೇ ರಾತ್ರಿ ಹಾಕಬೇಡಿ. ಕುರ್ಚಿ ಒಳಗಿಡಿ, ಪಂಚೆ ಮಡಚಿ, ಪ್ರೊಜೆಕ್ಟರ್ ತಣ್ಣಗಾದ ಮೇಲೆ ಸಿಲಿಕಾ ಪೊಟ್ಟಣ ಹಾಕಿದ ಡಬ್ಬದಲ್ಲಿ ಮುಚ್ಚಿಡಿ.