ಡಿಸ್ಚಾರ್ಜ್ ಬರೆಯುವ ಮುಂಚೆ ಹಿಮ್ಮಡಿಯ ರಕ್ತ

ಹೆರಿಗೆ ವಾರ್ಡಿನಲ್ಲಿ ನನಗೆ ಹದಿನೆಂಟು ವರ್ಷವಾಯಿತು. ನಮ್ಮದು ಸಣ್ಣ ಊರಿನ ನರ್ಸಿಂಗ್ ಹೋಮ್. ಎಳೆಗೂಸುಗಳ ಹಿಮ್ಮಡಿ ಚುಚ್ಚಿ, ಹುಟ್ಟು ಕಾಯಿಲೆಗಳ ಪರೀಕ್ಷೆಗೆ ರಕ್ತ ಕಳಿಸುವುದನ್ನು ನಿಮ್ಮಲ್ಲೂ ಶುರು ಮಾಡುವುದಾದರೆ, ಸಿಸ್ಟರ್‌ಗಳೇ, ಮೊದಲು ಮೂರು ಕಾಯಿಲೆ ಸಾಕು: ಹುಟ್ಟಿನಿಂದಲೇ ಇರುವ ಥೈರಾಯ್ಡ್ ಕೊರತೆ, ಅಡ್ರಿನಲ್ ಗ್ರಂಥಿಯ ತೊಂದರೆಯಾದ ಸಿಎಎಚ್, ಮತ್ತು ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವವಾದ ಜಿ6ಪಿಡಿಯ ಕೊರತೆ. ಥೈರಾಯ್ಡ್ ಕೊರತೆ ಅಪರೂಪ ಅನ್ನಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಐದು ನಗರಗಳಲ್ಲಿ ಲಕ್ಷಕ್ಕೂ ಹೆಚ್ಚು ಕೂಸುಗಳನ್ನು ಪರೀಕ್ಷಿಸಿದಾಗ ಸುಮಾರು 1130ಕ್ಕೆ ಒಂದು ಸಿಕ್ಕಿತು.

ಹುಟ್ಟಿ 48ರಿಂದ 72 ಗಂಟೆಯೊಳಗೆ ರಕ್ತ ತೆಗೆಯಿರಿ. ಥೈರಾಯ್ಡ್ ಕೊರತೆಯಿದ್ದರೆ ಏರುವ ಹಾರ್ಮೋನು ಟಿಎಸ್‌ಎಚ್. ಹುಟ್ಟಿದ ದಿನವೇ ರಕ್ತ ತೆಗೆದರೆ ಅದು ತಾನಾಗಿಯೇ ಏರಿರುತ್ತದೆ, ಸುಮ್ಮನೆ ಮನೆಯವರನ್ನು ಹೆದರಿಸಿದಂತಾಗುತ್ತದೆ. ಕೂಸಿಗೆ ರಕ್ತ ಕೊಡಬೇಕಾಗಿ ಬಂದರೆ ಮಾತ್ರ ಕಾಯದೆ, ಕೊಡುವ ಮುಂಚೆ ತೆಗೆದಿಡಿ.

ತಾಯಿ ಹಾಲೂಡಿಸುತ್ತಿರಲಿ, ಕೂಸು ಅಳುವುದು ಕಡಿಮೆ. ಬೆಚ್ಚನೆಯ ಬಟ್ಟೆಯನ್ನು ಪಾದಕ್ಕೆ ಮೂರು ನಿಮಿಷ ಸುತ್ತಿ. ಸ್ಪಿರಿಟ್ ಒರೆಸಿ, ಪೂರ್ತಿ ಆರಲು ಬಿಡಿ. ಹಿಮ್ಮಡಿಯ ನಡುವೆ ಚುಚ್ಚಬೇಡಿ, ಅಲ್ಲಿ ಮೂಳೆ ಹತ್ತಿರ. ಅಂಗಾಲಿನ ಕಡೆಯ ಎಡ ಅಥವಾ ಬಲ ಅಂಚಿನಲ್ಲಿ ಚುಚ್ಚಿ. ಮೊದಲ ಹನಿ ಒರೆಸಿಬಿಡಿ. ಎರಡನೆಯದು ದಪ್ಪಗೆ ತೂಗುವವರೆಗೆ ಕಾದು, ವೃತ್ತಗಳು ಅಚ್ಚಾಗಿರುವ ಸೋಸುಕಾಗದದ ಕಾರ್ಡನ್ನು ಹನಿಗೆ ಮುಟ್ಟಿಸಿ. ಒಂದೇ ಹನಿ ವೃತ್ತ ತುಂಬಬೇಕು, ಕಾರ್ಡ್ ತಿರುಗಿಸಿದರೆ ಹಿಂದೆಯೂ ಅಷ್ಟೇ ಕೆಂಪಾಗಿ ಕಾಣಬೇಕು. ಹನಿಯ ಮೇಲೆ ಹನಿ ಹಾಕಿದರೆ, ಪಾದ ಹಿಂಡಿದರೆ ಆ ಕಾರ್ಡ್ ಕೆಲಸಕ್ಕೆ ಬಾರದು. ಬಿಸಿಲು ತಾಗದ ಕಡೆ ಅಡ್ಡಡ್ಡ ಇಟ್ಟು ನಾಲ್ಕು ಗಂಟೆ ಒಣಗಿಸಿ. ಹಸಿಯಾಗಿದ್ದಾಗ ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ. ಕಾರ್ಡುಗಳನ್ನು ವಾರಗಟ್ಟಲೆ ಕೂಡಿಡದೆ, ಒಣಗಿದ ಮರುದಿನವೇ ಕಳಿಸಿ.

ಇಷ್ಟನ್ನು ಎರಡು ದಿನದಲ್ಲಿ ಕಲಿಯಬಹುದು. ನಾನು ಎಡವಿದ್ದು ಕಾರ್ಡಿನ ಮೇಲೆ ಬರೆಯುವುದರಲ್ಲಿ. ಒಂದು ಹೆಣ್ಣುಕೂಸಿನ ಟಿಎಸ್‌ಎಚ್ ವಿಪರೀತ ಹೆಚ್ಚು ಬಂತು. ನಾನು ಬರೆದಿದ್ದು ಗಂಡನ ನಂಬರ್ ಒಂದೇ. ಅವನು ಬೆಂಗಳೂರಲ್ಲಿ ಸಿಮ್ ಬದಲಿಸಿದ್ದ, ಬಾಣಂತಿ ತವರಿಗೆ ಹೋಗಿದ್ದಳು, ಯಾವ ಊರೆಂದು ನಾವು ಕೇಳಿರಲಿಲ್ಲ. ಆಶಾ ಕಾರ್ಯಕರ್ತೆಯೊಬ್ಬರು ಹುಡುಕಿಕೊಟ್ಟಾಗ ಕೂಸಿಗೆ ಹತ್ತೊಂಬತ್ತು ದಿನ. ಎರಡು ವಾರದೊಳಗೆ ಮಾತ್ರೆ ಶುರುವಾಗಬೇಕಿತ್ತು. ಮೆದುಳು ಬೆಳೆಯುವ ದಿನಗಳು ಅವು. ಆ ಐದು ದಿನ ನನ್ನ ಎದೆಯಲ್ಲಿ ಇನ್ನೂ ಕೂತಿವೆ.

ಅಂದಿನಿಂದ ನಮ್ಮ ಕಾರ್ಡಿನಲ್ಲಿ ಮೂರು ನಂಬರ್: ಗಂಡನದು, ತವರಿನದು, ತವರೂರಿನ ಆಶಾ ಅವರದು. ಬರೆದ ಕೂಡಲೇ ಅಲ್ಲೇ ಡಯಲ್ ಮಾಡಿ ನೋಡುತ್ತೇವೆ. ಕೂಸಿಗೆ ಇನ್ನೂ ಹೆಸರಿರುವುದಿಲ್ಲ, ವಾರ್ಡಿನಲ್ಲಿ ಇಬ್ಬರು ಲಕ್ಷ್ಮಿಯರಿರಬಹುದು. ಹಾಗಾಗಿ ತಾಯಿ ಕಾರ್ಡಿನ ನಂಬರನ್ನೂ ಹಾಕುತ್ತೇವೆ.

ಸಿಎಎಚ್ ಇರಬಹುದೆಂದು ವರದಿ ಬಂದರೆ ಅದೇ ದಿನ ಮಕ್ಕಳ ಡಾಕ್ಟರ ಹತ್ತಿರ ಕಳಿಸಿ. ಗಂಡುಕೂಸು ನೋಡಲು ಚೆನ್ನಾಗಿಯೇ ಇರುತ್ತದೆ, ಎರಡನೇ ಮೂರನೇ ವಾರದಲ್ಲಿ ವಾಂತಿಯಾಗಿ ಉಪ್ಪಿನಂಶ ಕಳೆದುಕೊಂಡು ಏಕಾಏಕಿ ಕುಸಿಯುತ್ತದೆ. ಜಿ6ಪಿಡಿ ಕೊರತೆ ಇದ್ದರೆ ಅಜ್ಜಿಯನ್ನು ಕರೆದು ಹೇಳಿ: ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟ ಹಳೇ ಸೀರೆಯಲ್ಲಿ ಕೂಸನ್ನು ಸುತ್ತಬಾರದು, ಕಾಮಾಲೆ ಜೋರಾಗುತ್ತದೆ.

ಮೂರು ಕಾಯಿಲೆಯ ಪಟ್ಟಿ ಹಿಗ್ಗಿಸುವುದು ಆಮೇಲೆ. ಇದೇ ಒಣ ರಕ್ತದಲ್ಲಿ ಟ್ಯಾಂಡೆಮ್ ಮಾಸ್ ಯಂತ್ರ ನಲವತ್ತಕ್ಕೂ ಹೆಚ್ಚು ಕಾಯಿಲೆ ಹುಡುಕಬಲ್ಲದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು, ಹಿಂದಿನ ಕೂಸನ್ನು ಕಾರಣ ತಿಳಿಯದೆ ಕಳೆದುಕೊಂಡವರು ಇದ್ದರೆ ಅವರಿಗೆ ಮೊದಲಿನಿಂದಲೇ ಇದನ್ನು ಹೇಳಿ. ಕಾಯಿಲೆ ಖಚಿತವಾದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಕಳಿಸಿ. 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಅದು ಗುರುತಿಸಿದ ಕೇಂದ್ರ. ಆ ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ.

ಥೈರಾಯ್ಡ್ ಮಾತ್ರೆ ಶುರುವಾದ ಮನೆಗೆ ಮೊದಲ ದಿನ ನಾನೇ ತೋರಿಸಿಕೊಡುತ್ತೇನೆ: ಮಾತ್ರೆ ಪುಡಿ ಮಾಡಿ, ಒಂದು ಚಮಚ ಎದೆಹಾಲಲ್ಲಿ ಕಲಸಿ, ಒಳಲೆಯಲ್ಲಿ ಕುಡಿಸಿ. ಹಾಲಿನ ಬಾಟಲಿಗೆ ಬೆರೆಸಬೇಡಿ, ತಳದಲ್ಲಿ ಉಳಿದುಬಿಡುತ್ತದೆ.